ನಲವತ್ತನಾಲ್ಕು ಎಲ್ಲಿಂದ ಬಂತು?

ನನ್ನ ಫೋನಿನಲ್ಲಿ ಹನ್ನೊಂದು ಫೋಟೋಗಳಿವೆ. ಈ ನಡುವೆ ಎರಡು ಸಲ ಫೋನ್ ಬದಲಾಯಿಸಿದ್ದೇನೆ, ಅವನ್ನು ಮಾತ್ರ ಅಳಿಸಿಲ್ಲ. ಎಲ್ಲವೂ 2020ರ ಆಗಸ್ಟ್ ಮೊದಲ ವಾರದವು, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಬಂದವು. ಹತ್ತನೇ ತರಗತಿ ಮಕ್ಕಳ ಗಣಿತದ ನೋಟ್‌ಬುಕ್ಕಿನ ಪುಟಗಳು. ಒಂದು ಮಂಚದ ಮೇಲಿಟ್ಟು ತೆಗೆದದ್ದು, ಒಂದು ಅಡುಗೆಮನೆಯ ಕಟ್ಟೆಯ ಮೇಲೆ, ಇನ್ನೊಂದರ ಮೂಲೆಯಲ್ಲಿ ಯಾರದ್ದೋ ಹೆಬ್ಬೆರಳು ಬಂದಿದೆ. ಲೆಕ್ಕ ಎಲ್ಲರಿಗೂ ಒಂದೇ. ಲಂಬಕೋನ ತ್ರಿಭುಜದ ಎರಡು ಬಾಹುಗಳು 7 ಸೆಂ.ಮೀ. ಮತ್ತು 24 ಸೆಂ.ಮೀ., ವಿಕರ್ಣ ಎಷ್ಟು? ಮೊದಲ ಮೂರು ಮಕ್ಕಳಿಗೆ ನಾನು ಪೂರ್ತಿ ಅಂಕ ಕೊಟ್ಟಾಗಿತ್ತು. ಕೊನೆಯ ಸಾಲಿನಲ್ಲಿ 25 ಇದೆ, ಸರಿ, ಟಿಕ್. ನಾಲ್ಕನೆಯದನ್ನು ನೋಡುವಾಗ ಮಧ್ಯದ ಸಾಲಿನ ಮೇಲೆ ಕಣ್ಣು ನಿಂತಿತು. 44 + 576 = 625 ಅಂತ ಬರೆದಿತ್ತು. ಏಳರ ವರ್ಗ 49 ಅಲ್ವಾ? 44 ಎಲ್ಲಿಂದ ಬಂತು? ಬಂದರೂ, 44ಕ್ಕೆ 576 ಕೂಡಿಸಿದರೆ 620 ಆಗಬೇಕು. ಹಿಂದಕ್ಕೆ ಹೋಗಿ ಮೊದಲ ಮೂರನ್ನು ನೋಡಿದೆ. ಅಲ್ಲೂ 44. ಮುಂದಿನವುಗಳಲ್ಲೂ 44. ಆ ವಾರ ಹದಿನೇಳು ಮಕ್ಕಳು ಉತ್ತರ ಕಳಿಸಿದ್ದರು. ಅದರಲ್ಲಿ ಹನ್ನೊಂದು ಮಕ್ಕಳ ಪುಟದಲ್ಲಿ ತಪ್ಪು ಸಾಲಿನ ಕೆಳಗೆ ಸರಿ ಉತ್ತರವಿತ್ತು.

ಮಕ್ಕಳು ನೋಡಿ ಬರೆಯುವುದು ಹೊಸದೇನಲ್ಲ. ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಅದಕ್ಕೆ ಬೇಸರ ಮಾಡಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಅವತ್ತು ನನ್ನನ್ನು ಕಾಡಿದ್ದು ಬೇರೆ. ಆ 44 ಇರದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಹದಿನೇಳು ಮಕ್ಕಳಿಗೆ ಪೈಥಾಗೊರಸ್ ಪ್ರಮೇಯ ಬಂದಿದೆ ಅಂತ ಬರೆದುಕೊಂಡು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಿದ್ದೆ. ಹಾಗಾದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕೊಟ್ಟ ಅಂಕಗಳಲ್ಲಿ ನಾನು ಅಳೆದದ್ದು ಏನನ್ನು?

ಗುಡ್ಡದ ಮೇಲಿನ ತರಗತಿ

ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲು. ಆ ವರ್ಷ ಹತ್ತನೇ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಇಪ್ಪತ್ತೆರಡು ಮನೆಗಳಲ್ಲಿ ದೊಡ್ಡ ಫೋನ್ ಇತ್ತು. ಇತ್ತು ಅಂದರೆ ಅಪ್ಪನ ಹತ್ತಿರ ಇತ್ತು. ಅಪ್ಪ ಬೆಳಿಗ್ಗೆ ತೋಟಕ್ಕೋ ಕೆಲಸಕ್ಕೋ ಹೋದರೆ ಫೋನೂ ಹೋಯಿತು. ನೆಟ್‌ವರ್ಕ್ ಬೇಕಾದರೆ ಬ್ಯಾಣ, ಅಂದರೆ ಹುಲ್ಲಿನ ಗುಡ್ಡ, ಹತ್ತಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಟವರೂ ಸುಮ್ಮನಾಗುತ್ತದೆ. ಮರುವರ್ಷ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲ ಕಡೆ ಓಡಾಡಿತಲ್ಲ, ಅದನ್ನು ನೋಡಿ ಊರಾಚೆಯವರಿಗೆ ಆಶ್ಚರ್ಯವಾಯಿತು. ನಮಗೆ ಅದು ಪ್ರತಿ ವಾರದ ಸಂಗತಿ.

ಗೂಗಲ್ ಫಾರ್ಮಿನಲ್ಲಿ ಹತ್ತು ಪ್ರಶ್ನೆ ಹಾಕಿ ಕಳಿಸುತ್ತಿದ್ದೆ. ಉತ್ತರ ಬಂದ ಸಮಯ ಅದರಲ್ಲಿ ತೋರಿಸುತ್ತದೆ. ರಾತ್ರಿ ಹನ್ನೊಂದೂಮುಕ್ಕಾಲಿಗೆ ಒಂದು, ಅದರ ಹಿಂದೆಯೇ ಎರಡು ನಿಮಿಷಕ್ಕೆ ಇನ್ನೊಂದು, ಎರಡೂ ಹತ್ತಕ್ಕೆ ಹತ್ತು. ಅದು ಓದುವ ಹುಡುಗಿ ಅಂತ ಖುಷಿ ಪಡಬೇಕೋ, ಬೆಂಗಳೂರಿನಿಂದ ಮನೆಗೆ ಬಂದು ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಚಿಕ್ಕಪ್ಪ ಹೇಳಿಕೊಟ್ಟಿದ್ದೋ ಅಂತ ಯೋಚಿಸಬೇಕೋ? ಆ ವರ್ಷ ನಮ್ಮ ಕಡೆ ಊರಿಗೆ ವಾಪಸ್ ಬಂದ ಎಂಜಿನಿಯರುಗಳು ತುಂಬಾ ಜನ. ಯಾರ ಮನೆಯಲ್ಲಿ ಓದಿದ ಅಕ್ಕನೋ ಚಿಕ್ಕಪ್ಪನೋ ಇದ್ದರೋ ಆ ಮಕ್ಕಳ ಅಂಕ ಏರಿತು. ನನ್ನ ಪಟ್ಟಿಯಲ್ಲಿ ಇದ್ದದ್ದು ಮಕ್ಕಳ ಹೆಸರು. ಅಂಕ ಬಿದ್ದದ್ದು ಮನೆಗೆ, ಫೋನಿಗೆ, ನೆಟ್ ಪ್ಯಾಕಿಗೆ.

ಇದೇ ಹೊತ್ತಿಗೆ ನಮಗೂ, ಅಂದರೆ ಶಿಕ್ಷಕರಿಗೂ, ಆನ್‌ಲೈನ್ ತರಬೇತಿಗಳಿದ್ದವು. ವಿಡಿಯೋ ನೋಡಿ, ಕೊನೆಯಲ್ಲಿ ರಸಪ್ರಶ್ನೆ, ಪಾಸಾದರೆ ಪ್ರಮಾಣಪತ್ರ. ಉತ್ತರಗಳು ವಾಟ್ಸಾಪ್ ಗುಂಪಿನಲ್ಲಿ ಬರುತ್ತಿದ್ದವು. ಒಂದು ಘಟಕಕ್ಕೆ ನಾನೂ ಅದನ್ನು ನೋಡಿಯೇ ತುಂಬಿದೆ. ಅವತ್ತು ಮನೆಯಲ್ಲಿ ಅತ್ತೆಗೆ ಜ್ವರ, ಮರುದಿನ ಕೊನೆಯ ದಿನ. ಪ್ರಮಾಣಪತ್ರ ಬಂತು. ಅದರಲ್ಲಿ ಏನಿತ್ತು ಅಂತ ಕೇಳಿದರೆ ಇವತ್ತು ನನ್ನ ಹತ್ತಿರ ಉತ್ತರವಿಲ್ಲ. ಹಾಗಾಗಿ ಆ ಹನ್ನೊಂದು ಮಕ್ಕಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಕ್ಕಳಿಗೂ ಕೊನೆಯ ದಿನ ಇರುತ್ತದೆ, ಮನೆಯಲ್ಲಿ ಜ್ವರ ಇರುತ್ತದೆ.

ಅಂಚಿನಲ್ಲಿ ಬರೆದಿದ್ದು

ಆ ಆಗಸ್ಟಿನಲ್ಲಿಯೇ ವಿದ್ಯಾಗಮ ಶುರುವಾಯಿತು. ಮಕ್ಕಳು ಶಾಲೆಗೆ ಬರುವಂತಿಲ್ಲ, ನಾವೇ ಅವರ ಕೇರಿಗೆ ಹೋಗುವುದು. ಬಯಲುಸೀಮೆಯ ಕಡೆ ಅರಳಿಕಟ್ಟೆಯ ಮೇಲೆ ಪಾಠ ನಡೆಯಿತು. ನಮ್ಮಲ್ಲಿ ಮಳೆ, ಹಾಗಾಗಿ ದೇವಸ್ಥಾನದ ಪೌಳಿ. ಒಂಬತ್ತು ಮಕ್ಕಳು ದೂರ ದೂರ ಕೂತಿದ್ದರು. ಐದು ತಿಂಗಳ ನಂತರ ಅವರ ಕಣ್ಣು ನೋಡಿದ್ದೆ, ಮೂಗು ಬಾಯಿ ಮಾಸ್ಕಿನ ಹಿಂದೆ. ಒಂದು ಲೆಕ್ಕ ಕೊಟ್ಟು ಸುತ್ತ ತಿರುಗುತ್ತಿದ್ದೆ. ಕಂಬದ ಪಕ್ಕ ಕೂತ ಹುಡುಗನ ಹಿಂದೆ ಬಂದಾಗ ಕಾಲು ನಿಂತುಬಿಟ್ಟಿತು. ಅವನ 9ಕ್ಕೆ ತಲೆ ಮುಚ್ಚಿರಲಿಲ್ಲ. ಮೇಲೆ ತೆರೆದು, ಕೆಳಗೆ ನೇರ ಗೆರೆ ಎಳೆದ 9. ದೂರದಿಂದ ನೋಡಿದರೆ ಅಚ್ಚು 4.

ನೋಟ್‌ಬುಕ್ ಕೇಳಿ ಇಸಿದುಕೊಂಡು ಹಿಂದಿನ ಪುಟ ತಿರುಗಿಸಿದೆ. 49 + 576 = 625 ಅಂತ ಅವನ ಅಕ್ಷರದಲ್ಲಿತ್ತು. ‘ಇದನ್ನ ಯಾರಿಗಾದ್ರೂ ಕೊಟ್ಟಿದ್ಯಾ?’ ಅಂದೆ. ಹೆದರಿದ. ‘ಕೇಳಿದ್ರು, ಕೊಟ್ಟೆ ಅಕ್ಕೋರೇ. ನಮ್ಮನೇಲಿ ಫೋನಿಲ್ಲ, ನಂಗೆ ಕಳ್ಸೋಕಾಗಲ್ಲ, ಅವ್ರಾದ್ರೂ ಕಳ್ಸಲಿ ಅಂತ.’ ನನ್ನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಏಪ್ರಿಲ್‌ನಿಂದ ಇದ್ದದ್ದು ಒಂದೇ ಪದ: ಸಲ್ಲಿಸಿಲ್ಲ. ಅವನ ಅಮ್ಮ ಕೆಲಸಕ್ಕೆ ಹೋಗುವ ಮನೆಯಲ್ಲಿ ಟಿವಿ ಇತ್ತಂತೆ. ಜುಲೈ 20ರಿಂದ ಚಂದನದಲ್ಲಿ ಸಂವೇದ ಪಾಠಗಳು ಬರುತ್ತಿದ್ದವಲ್ಲ, ಅವನ್ನು ಅಲ್ಲಿ ಜಗಲಿಯಲ್ಲಿ ಕೂತು ನೋಡುತ್ತಿದ್ದನಂತೆ. ಪ್ರಶ್ನೆಗಳನ್ನು ಪಕ್ಕದ ಮನೆಯ ಗೆಳೆಯನ ಫೋನಿನಿಂದ ಬರೆದುಕೊಂಡಿದ್ದ.

ಇಷ್ಟೇ ಆಗಿದ್ದರೆ ಬುದ್ಧಿವಂತ ಹುಡುಗ ಅಂತ ಬೆನ್ನು ತಟ್ಟಿ ಬರುತ್ತಿದ್ದೆ. ಆ ಪುಟದ ಅಂಚಿನಲ್ಲಿ, ಕೆಂಪು ಗೆರೆಯ ಆಚೆ, ಪೆನ್ಸಿಲಿನಲ್ಲಿ ಸಣ್ಣದಾಗಿ ಇನ್ನೇನೋ ಇತ್ತು. 24 + 25 = 49. ಅದರ ಕೆಳಗೆ 12 + 13 = 25. ಅದರ ಕೆಳಗೆ 40 + 41 = 81. ‘ಇದೇನು?’ ಅಂದೆ. ‘ಸುಮ್ನೆ ಅಕ್ಕೋರೇ’ ಅಂದ. ಸುಮ್ನೆ ಅಲ್ಲ. 7, 24, 25ರಲ್ಲಿ ದೊಡ್ಡ ಎರಡನ್ನು ಕೂಡಿಸಿದರೆ ಚಿಕ್ಕದರ ವರ್ಗ ಬರುತ್ತದೆ. 5, 12, 13ರಲ್ಲೂ ಹಾಗೆಯೇ. ಹಾಗಾದರೆ 9ಕ್ಕೂ ಒಂದು ಜೋಡಿ ಇರಬೇಕು ಅಂತ ಹುಡುಕಿ 40, 41 ತೆಗೆದಿದ್ದ. ಪುಸ್ತಕದಲ್ಲಿ ಆ ಲೆಕ್ಕಕ್ಕೆ ಅದು ಬೇಕಿಲ್ಲ. ಯಾರೂ ಕೇಳಿಲ್ಲ. ಅವನ ಪುಟ ನೋಡಿ ಬರೆದ ಹನ್ನೊಂದು ಮಕ್ಕಳಲ್ಲಿ ಒಬ್ಬರೂ ಅಂಚಿನದನ್ನು ಬರೆದುಕೊಳ್ಳಲಿಲ್ಲ, ಉತ್ತರದ ಭಾಗ ಅಲ್ಲವಲ್ಲ.

ಅಂಚಿನಲ್ಲಿ ಬರೆದದ್ದನ್ನು ನಾನು ಯಾವ ಫಾರ್ಮಿನ ಯಾವ ಕಾಲಮ್ಮಿನಲ್ಲಿ ಹಾಕಲಿ? ಶಾಲೆಯಲ್ಲಿ ಇದಕ್ಕೆ ಕಾಲಮ್ ಬೇಕಿರಲಿಲ್ಲ. ತರಗತಿಯಲ್ಲಿ ಬೆಂಚುಗಳ ನಡುವೆ ಓಡಾಡುವಾಗ ಕಣ್ಣಿಗೆ ಬೀಳುತ್ತಿತ್ತು. ಆ ಓಡಾಟ ಕಾವಲು ಕಾಯಲಿಕ್ಕೆ ಅಂತ ಮಕ್ಕಳು ತಿಳಿದಿರುತ್ತಾರೆ. ನಿಜವಾಗಿ ನಾವು ಅಳೆಯುವುದು ಆಗಲೇ. ಯಾರ ಪೆನ್ನು ಎಲ್ಲಿ ನಿಂತಿದೆ, ಯಾರು ಹೊಡೆದು ಹಾಕಿದ್ದಾರೆ, ಯಾರು ಪಕ್ಕದವಳಿಗೆ ಕಿವಿಯಲ್ಲಿ ಹೇಳುತ್ತಿದ್ದಾಳೆ. ಆಮೇಲೆ ಬರೆಸುವ ಪರೀಕ್ಷೆ ನಮಗೆ ಮೊದಲೇ ಗೊತ್ತಿದ್ದದ್ದನ್ನು ಕಾಗದದ ಮೇಲೆ ತರುತ್ತದೆ ಅಷ್ಟೆ.

ಫೋನಿನಲ್ಲಿ ಮೌನ

ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಕೆಲವು ಕಡೆ ಸೋಂಕು ಕಾಣಿಸಿಕೊಂಡಿತ್ತು, ನಿಲ್ಲಿಸಿದ್ದು ಸರಿಯೇ. ಮತ್ತೆ ನಾನು ಫೋನಿಗೆ ಬಂದೆ. ಆದರೆ ಫೋಟೋ ಸಾಕು ಅಂತ ತೀರ್ಮಾನಿಸಿ, ದಿನಕ್ಕೆ ಐದು ಮಕ್ಕಳಿಗೆ ಕರೆ ಮಾಡಿ ಒಂದೊಂದು ಪ್ರಶ್ನೆ ಕೇಳುವುದು ಅಂತ ಇಟ್ಟುಕೊಂಡೆ. ಸಂಜೆ ಏಳೂವರೆ ಮೇಲೆ, ಅಪ್ಪಂದಿರು ಮನೆಗೆ ಬಂದ ನಂತರ. ಮಾತಿನಲ್ಲಿ ಕೇಳಿದರೆ ನೋಡಿ ಬರೆಯುವ ಪ್ರಶ್ನೆಯೇ ಇಲ್ಲ ಅಂದುಕೊಂಡಿದ್ದೆ.

ಒಬ್ಬಳು ಹುಡುಗಿ ನೆನಪಿದ್ದಾಳೆ. ತರಗತಿಯಲ್ಲಿ ಹಿಂದಿನ ಬೆಂಚು, ಮಾತು ಕಡಿಮೆ. ಅವಳಿಗೆ ಕೇಳಿದೆ: ‘ವಿಕರ್ಣ 13, ಒಂದು ಬಾಹು 5. ಇನ್ನೊಂದು ಎಷ್ಟು?’ ಆ ಕಡೆ ಮೌನ. ಟಿವಿ ಶಬ್ದ, ಯಾರೋ ಕೆಮ್ಮಿದ್ದು ಕೇಳಿಸುತ್ತಿತ್ತು. ‘ಕೇಳಿಸ್ತಾ ಇದ್ಯಾ?’ ಅಂದೆ. ‘ಹೂಂ ಅಕ್ಕೋರೇ.’ ಮತ್ತೆ ಮೌನ. ‘13ರ ವರ್ಗ ಎಷ್ಟು?’ ಅಂದೆ. ಮೌನ. ‘ಹಲೋ? ಲೈನಲ್ಲಿ ಇದ್ದೀಯಾ?’ ಅಂದೆ. ಆಗ ಅವಳ ಅಪ್ಪ ಫೋನ್ ತೆಗೆದುಕೊಂಡರು. ‘ಓದೋದೇ ಇಲ್ಲ ಅಕ್ಕೋರೇ ಇವ್ಳು, ನೀವೇ ಸ್ವಲ್ಪ ಬೈರಿ’ ಅಂದರು. ನಾನು ಬೈಯಲಿಲ್ಲ. ಆದರೆ ಡೈರಿಯಲ್ಲಿ ‘ಬಂದಿಲ್ಲ’ ಅಂತ ಬರೆದುಕೊಂಡೆ.

2021ರ ಜನವರಿ 1ಕ್ಕೆ ಹತ್ತನೇ ತರಗತಿ ಶಾಲೆಯಲ್ಲಿ ಶುರುವಾಯಿತು. ಎರಡನೇ ವಾರ ಇರಬೇಕು, ಅದೇ ಲೆಕ್ಕ ಬೋರ್ಡಿನ ಮೇಲೆ ಬರೆದು ಅವಳನ್ನು ಕರೆದೆ. ಬಂದಳು. ತ್ರಿಭುಜ ಬರೆದಳು. ಚಾಕ್‌ಪೀಸ್ ಹಿಡಿದು ನಿಂತಳು. ನಿಂತೇ ಇದ್ದಳು. ತರಗತಿಯಲ್ಲಿ ಅಂಥ ಮೌನ ನನಗೆ ಅಭ್ಯಾಸ, ಹುಡುಗಿಯ ಬೆನ್ನು ನೋಡಿದರೆ ಗೊತ್ತಾಗುತ್ತದೆ. ಬರದಿದ್ದವರ ಹೆಗಲು ಕುಗ್ಗುತ್ತದೆ, ಕಣ್ಣು ಗೆಳತಿಯರ ಕಡೆ ಹೋಗುತ್ತದೆ. ಇವಳ ತಲೆ ಒಂದು ಕಡೆ ವಾಲಿತ್ತು, ಎಡಗೈ ಬೆರಳು ಲಂಗದ ಮೇಲೆ ಏನೋ ಬರೆಯುತ್ತಿತ್ತು. ಸುಮ್ಮನಿದ್ದೆ. 169 + 25 ಅಂತ ಬರೆದಳು. ನೋಡಿದಳು. ಡಸ್ಟರ್ ಹುಡುಕಲಿಲ್ಲ, ಅಂಗೈಯಿಂದಲೇ ಕೂಡಿಸುವ ಚಿಹ್ನೆ ಉಜ್ಜಿ, ಕಳೆಯುವ ಚಿಹ್ನೆ ಹಾಕಿದಳು. 144. 12. ‘ಯಾಕೆ ಅಳಿಸಿದೆ?’ ಅಂದೆ. ‘ವಿಕರ್ಣನೇ ಎಲ್ಲಕ್ಕಿಂತ ದೊಡ್ಡದು ಅಲ್ವಾ? ಕೂಡಿಸಿದ್ರೆ ಇದು ಅದಕ್ಕಿಂತ ದೊಡ್ಡದಾಗಿಬಿಡತ್ತೆ’ ಅಂದಳು.

ಮಧ್ಯಾಹ್ನ ಕರೆದು ಕೇಳಿದೆ, ಅವತ್ತು ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ. ‘ನೀವು ಮಧ್ಯ ಮಧ್ಯ ಮಾತಾಡ್ತಾ ಇದ್ರಿ. ಲೆಕ್ಕ ತಪ್ಪಿ ಹೋಗ್ತಿತ್ತು’ ಅಂದಳು. ದೂರು ಹೇಳುವ ಧ್ವನಿಯಲ್ಲ, ಇದ್ದದ್ದನ್ನು ಹೇಳಿದಳು. ನನಗೆ ಬಹಳ ದಿನ ಅದು ಒಳಗೆ ಕೂತಿತ್ತು. ಫೋನಿನಲ್ಲಿ ಮೌನ ಅಂದರೆ ನೆಟ್‌ವರ್ಕ್ ಹೋಗಿರಬಹುದು, ಮಗು ಹೆದರಿರಬಹುದು, ಗೊತ್ತಿಲ್ಲದಿರಬಹುದು, ಯೋಚಿಸುತ್ತಿರಬಹುದು. ಈ ನಾಲ್ಕೂ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಅಂಗೈಯ ಮೇಲಿನ ಚಾಕ್ ಪುಡಿ ಅಲ್ಲಿ ಕಾಣುವುದಿಲ್ಲ. ಅವಳು ಫೋಟೋ ಕಳಿಸಿದ್ದರೂ ಕಾಣುತ್ತಿರಲಿಲ್ಲ. ಚೆನ್ನಾಗಿ ಬರೆದ ಕೊನೆಯ ಪುಟವನ್ನೇ ಮಕ್ಕಳು ಕಳಿಸುವುದು. ಮೊದಲು ಕೂಡಿಸಿ ಆಮೇಲೆ ಅಳಿಸಿದ ಆ ಒಂದು ಕ್ಷಣದಲ್ಲೇ ಅವಳ ಕಲಿಕೆ ಇತ್ತು.

ಅಳೆದವರು ಹೇಗೆ ಅಳೆದರು

ಆ ವರ್ಷದ ಬಗ್ಗೆ ನಾನು ನಂಬುವ ಅಂಕಿಗಳು ಕೆಲವೇ. 2021ರ ಫೆಬ್ರವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಒಂದು ವರದಿ ತಂದಿತು. ಕರ್ನಾಟಕವೂ ಸೇರಿ ಐದು ರಾಜ್ಯ, 1,137 ಸರ್ಕಾರಿ ಶಾಲೆ, 2ರಿಂದ 6ನೇ ತರಗತಿಯ 16,067 ಮಕ್ಕಳು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಕೌಶಲಗಳಲ್ಲಿ ಒಂದನ್ನಾದರೂ ಮರೆತವರು ಶೇಕಡಾ 92, ಗಣಿತದಲ್ಲಿ ಶೇಕಡಾ 82. ಅದೇ ಹೊತ್ತಿಗೆ ಮಕ್ಕಳ ಓದು, ಲೆಕ್ಕ ಅಳೆಯುವ ಸಮೀಕ್ಷೆ ಮಾಡುವ ಅಸರ್‌ನವರು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮನೆ ಮನೆಗೆ ಹೋದರು. ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇಕಡಾ 19.2 ಇದ್ದದ್ದು ಶೇಕಡಾ 9.8ಕ್ಕೆ ಬಂದಿತ್ತು. ಒಂದನ್ನು ಗಮನಿಸಿ. ಈ ಅಂಕಿಗಳು ಸಿಕ್ಕಿದ್ದು ಲಿಂಕ್ ಕಳಿಸಿ ಅಲ್ಲ. ಅಸರ್‌ನವರು ಒಂದೊಂದು ಮಗುವಿನ ಪಕ್ಕ ಕೂತು, ಒಂದು ಹಾಳೆ ಕೈಗೆ ಕೊಟ್ಟು, ‘ಇದನ್ನ ಓದು ನೋಡೋಣ’ ಅಂದರು. ಮಗು ಎಲ್ಲಿ ತಡವರಿಸಿತು ಅಂತ ಅವರ ಕಿವಿಗೆ ಬಿತ್ತು.

ದೊಡ್ಡ ಪರೀಕ್ಷೆಗಳಿಗೆ ಇದು ಸಾಧ್ಯವಿಲ್ಲ, ಒಪ್ಪುತ್ತೇನೆ. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯ ಶೇಕಡಾ 45, ಪ್ರಥಮ ಪಿಯುವಿನ ಶೇಕಡಾ 45, ಆಂತರಿಕ ಅಂಕ ಶೇಕಡಾ 10 ಸೇರಿಸಿ ಫಲಿತಾಂಶ ಕೊಟ್ಟರು. ನನ್ನ ತರಗತಿಯ ಮಕ್ಕಳು ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಎಸ್ಸೆಸ್ಸೆಲ್ಸಿಯ ಆರೂ ವಿಷಯ ಬರೆದರು. ಎಲ್ಲ ಬಹು ಆಯ್ಕೆಯ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ಗುಂಡಗೆ ತುಂಬುವುದು. 2020ರಲ್ಲಿ ಶೇಕಡಾ 71.80 ಇದ್ದ ರಾಜ್ಯದ ಫಲಿತಾಂಶ ಆ ವರ್ಷ 99.9. ಆ ಹೊತ್ತಿನಲ್ಲಿ ಮಕ್ಕಳನ್ನು ಕೈಬಿಡದೆ ದಾಟಿಸಿದ್ದು ದೊಡ್ಡ ಕೆಲಸ, ನಾನು ಅದರ ಪರ. ಆದರೆ ಆ 99.9 ಕಲಿಕೆಯ ಅಳತೆ ಅಂತ ಯಾರೂ ಓದಬಾರದು. ಅಂಚಿನಲ್ಲಿ 40 + 41 ಬರೆದ ಹುಡುಗನೂ, ಅವನ 9ನ್ನು 4 ಅಂತ ಓದಿದವರೂ ಅಲ್ಲಿ ಒಂದೇ ಥರ ಗುಂಡಗೆ ತುಂಬಿ ಬಂದರು.

ಎದುರು ಕೂತು ಬರೆಸಿದರೂ ಅಂಕ ಪೂರ್ತಿ ಮಗುವಿನದ್ದಲ್ಲ ಅನ್ನುವುದಕ್ಕೆ ಇತ್ತೀಚಿನ ಉದಾಹರಣೆ ಇದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚು ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ಬದಲಾಗಿರಲಾರರು, ಬದಲಾದದ್ದು ಕೊಠಡಿ. ಆನ್‌ಲೈನ್ ಪಾಠದಲ್ಲಿ ಪಳಗಿದವರಿಗೂ ಇದು ಗೊತ್ತಿದೆ. ಅಕ್ಕನ ಮಗ ಎಂಜಿನಿಯರಿಂಗ್ ಓದುವಾಗ ಎನ್‌ಪಿಟೆಲ್, ಅಂದರೆ ಐಐಟಿಗಳವರು ನಡೆಸುವ ಆನ್‌ಲೈನ್ ಕೋರ್ಸ್ ಮಾಡುತ್ತಿದ್ದ. ವಿಡಿಯೋ ಮನೆಯಲ್ಲಿ, ವಾರದ ಅಸೈನ್‌ಮೆಂಟ್ ಮನೆಯಲ್ಲಿ, ಆದರೆ ಪರೀಕ್ಷೆಗೆ ಮಾತ್ರ ಕೇಂದ್ರಕ್ಕೇ ಹೋಗಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಕಲಿಸುವುದನ್ನು ಅಷ್ಟು ಚೆನ್ನಾಗಿ ಫೋನಿನೊಳಗೆ ತಂದವರೂ ಅಳೆಯುವುದನ್ನು ಹೊರಗೇ ಇಟ್ಟಿದ್ದಾರೆ.

ಈಗ 44 ಬರುವುದಿಲ್ಲ

ಈಗ ಮೂವತ್ತಾರು ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಫೋನ್ ಇದೆ. ಲೆಕ್ಕದ ಮೇಲೆ ಕ್ಯಾಮೆರಾ ಹಿಡಿದರೆ ಉತ್ತರ ಬರುತ್ತದೆ, ಹಂತ ಹಂತವಾಗಿ, ಕಾರಣ ಸಮೇತ. ಕನ್ನಡದಲ್ಲೂ ಬರುತ್ತದೆ. ರಜೆಯ ಹೋಮ್‌ವರ್ಕ್ ಕಳಿಸಿ ಅಂದರೆ ಬರುವ ಫೋಟೋಗಳಲ್ಲಿ ಒಂದು ತಪ್ಪೂ ಇರುವುದಿಲ್ಲ. 49 ಇರಬೇಕಾದಲ್ಲಿ 49 ಅಂತಲೇ ಇರುತ್ತದೆ. ನನಗೆ ಆ ಹನ್ನೊಂದು ಫೋಟೋಗಳ ಬೆಲೆ ಗೊತ್ತಾಗಿದ್ದು ಈಗ. ಒಬ್ಬ ಹುಡುಗನ ಕೈಬರಹದಿಂದ ಇನ್ನೊಬ್ಬಳ ಕಣ್ಣಿಗೆ, ಅಲ್ಲಿಂದ ಮತ್ತೊಂದು ಮನೆಗೆ ಹೋದ ದಾರಿ ಆ 44ರಲ್ಲಿ ಕಾಣುತ್ತಿತ್ತು. ಈಗಿನದರಲ್ಲಿ ದಾರಿಯೇ ಇಲ್ಲ. ತಪ್ಪು ಮಾಡಿ ತೋರಿಸುವ ಧೈರ್ಯ ಮಕ್ಕಳಿಗೆ ಮೊದಲೇ ಕಡಿಮೆ. ಈಗ ಆ ಅಗತ್ಯವೂ ಇಲ್ಲದಂತಾಗಿದೆ. ತಪ್ಪು ಕಾಣದಿದ್ದರೆ ನಾನು ಎಲ್ಲಿಂದ ಕಲಿಸಲು ಶುರು ಮಾಡಲಿ?

ಹಾಗಾಗಿ ನನ್ನ ಮಟ್ಟಿಗೆ ಒಂದಿಷ್ಟು ಬದಲಾಯಿಸಿಕೊಂಡಿದ್ದೇನೆ. ಫೋಟೋದಲ್ಲಿ ಬಂದದ್ದಕ್ಕೆ ಅಂಕ ಕೊಡುವುದಿಲ್ಲ, ನೋಡಿದೆ ಅಂತ ಮಾತ್ರ ಹೇಳುತ್ತೇನೆ. ದಿನಕ್ಕೆ ನಾಲ್ಕೈದು ಮಕ್ಕಳನ್ನು ಕರೆದು ಅವರ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇದು ಹೇಗೆ ಬಂತು?’ ಅಂತ ಕೇಳುತ್ತೇನೆ. ಒಂದು ಸುತ್ತು ಮುಗಿಯಲು ಎಂಟೊಂಬತ್ತು ದಿನ ಬೇಕು. ಪಾಠ ಹಿಂದೆ ಬೀಳುತ್ತದೆ, ಅದಕ್ಕೆ ಮಾತೂ ಕೇಳಿದ್ದೇನೆ. ವರ್ಷಕ್ಕೊಮ್ಮೆ, ತ್ರಿಭುಜಗಳ ಅಧ್ಯಾಯ ಬಂದಾಗ, 44 + 576 = 625 ಅಂತ ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಉತ್ತರ 25 ಸರಿ ಇದೆ, ಆದರೂ ಏನೋ ಸರಿಯಿಲ್ಲ, ಏನದು? ಮೊದಲು ಕೈ ಎತ್ತುವವರು ಯಾವಾಗಲೂ ನಾನು ಅಂದುಕೊಂಡ ಮಕ್ಕಳಲ್ಲ.

ಕಳೆದ ಜುಲೈಯಲ್ಲಿ ಮಳೆ ಜಾಸ್ತಿಯಾಗಿ ಸಾಲು ರಜೆ ಕೊಟ್ಟರು. ಹತ್ತನೇ ತರಗತಿಯ ಒಬ್ಬ ಹುಡುಗ ಒಂದು ಲೆಕ್ಕ ಹೊಳೆಯಲಿಲ್ಲ ಅಂತ ರಾತ್ರಿ ಫೋನ್ ಮಾಡಿದ. ಅರ್ಧ ಹೇಳಿಕೊಟ್ಟು, ‘ಇಲ್ಲಿಂದ ನೀನು ಮಾಡು’ ಅಂದೆ. ಆ ಕಡೆ ಮೌನ. ಹೆಂಚಿನ ಮೇಲೆ ಮಳೆ ಬೀಳುವ ಶಬ್ದ, ಅವನ ಮನೆಯದ್ದೋ ನಮ್ಮ ಮನೆಯದ್ದೋ ಗೊತ್ತಾಗಲಿಲ್ಲ. ಬಾಯಿಗೆ ‘ಹಲೋ’ ಬಂದಿತ್ತು, ನುಂಗಿಕೊಂಡೆ. ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಒಂದು ನಿಮಿಷ ದಾಟಿತು.

‘ಅಕ್ಕೋರೇ, ಇದೀರಾ?’ ಅಂದ.

‘ಇದೀನಿ, ನೀನು ಮಾಡು’ ಅಂದೆ.